ಭಾವನ ಗ್ರಾಹಕರು

ಹಾಲು ಮಾರುವವನನ್ನು ಅನುಮಾನಿಸುವುದು ಗೃಹಸ್ಥರ ನಿತ್ಯಕರ್ಮಗಳಲ್ಲಿ ಒಂದು. ಬೆಳಗ್ಗೆ ಬಾಗಿಲು ತೆರೆದು, ಪಾತ್ರೆ ಒಡ್ಡಿ, ಒಂದು ತೊಟ್ಟು ಹಾಲನ್ನು ಹೆಬ್ಬೆರಳಿನ ಉಗುರಿನ ಮೇಲೆ ಬಿಟ್ಟು, ಅದು ಜಾರುತ್ತದೋ ನಿಲ್ಲುತ್ತದೋ ಎಂದು ನೋಡಿ, ನಿಂತರೂ ಒಮ್ಮೆ ಗೊಣಗಿ ಒಳಗೆ ಹೋಗುವುದು ಕೆ.ಜಿ.ಎಫ್.ನ ಗಣಿ ಲೈನುಗಳಲ್ಲಿ, ಅಂದರೆ ಕೆಲಸಗಾರರ ಸಾಲುಮನೆಗಳಲ್ಲಿ, ದೇವರ ಪೂಜೆಗಿಂತ ಕಟ್ಟುನಿಟ್ಟಾಗಿ ನಡೆಯುತ್ತಿತ್ತು. ನನ್ನ ಅಕ್ಕನ ಗಂಡ, ಅಂದರೆ ನನ್ನ ಭಾವ, ಈ ಅನುಮಾನಕ್ಕೆ ಮದುವೆಗೆ ಮುಂಚಿನಿಂದಲೂ ನಗುನಗುತ್ತ ಕೊರಳೊಡ್ಡಿಕೊಂಡು ಬಂದವರು. ಬಂಗಾರಪೇಟೆ ಪಕ್ಕದ ಹಳ್ಳಿ, ಒಂದಷ್ಟು ರಾಗಿ ಹೊಲ, ಕೊಟ್ಟಿಗೆ ತುಂಬ ಹಸು. ಬೆಳಗಿನ ಪ್ಯಾಸೆಂಜರ್ ರೈಲಿನ ಕಿಟಕಿಯ ಸರಳುಗಳಿಗೆ ಕ್ಯಾನುಗಳನ್ನು ಹೊರಗಡೆ ತೂಗುಹಾಕಿ ಚಾಂಪಿಯನ್ ರೀಫ್ಸ್‌ನಲ್ಲಿ ಇಳಿದು, ಅಲ್ಲಿ ಬಿಟ್ಟಿರುತ್ತಿದ್ದ ಸೈಕಲ್ಲಿಗೆ ಅವನ್ನು ಏರಿಸಿ, ಮನೆ ಮನೆಗೆ ಹಾಲು ಹಾಕುವರು. ಯಾವಳಾದರೂ "ಏನಪ್ಪ, ಇವತ್ತು ನೀರು ಜಾಸ್ತಿ?" ಎಂದರೆ, "ನಾನಾಕಿಲ್ಲಮ್ಮ, ಅಸು ಕುಡ್ಕೊಂಡ್ ಬಂದೈತೆ" ಎನ್ನುವುದು ಅವರ ಸಿದ್ಧ ಸಮರ್ಥನೆ.

ಎಂಬತ್ತರ ದಶಕದ ನಡುವೆ ಒಂದು ಬೇಸಿಗೆಯಲ್ಲಿ ಈ ಅನುಮಾನ ಹಾಲನ್ನು ಬಿಟ್ಟು ಹಾಲಿನವರನ್ನು ಹಿಡಿದುಕೊಂಡಿತು. ಹಿಡಿದವಳು ನನ್ನ ಅಕ್ಕ.

ಆಗ ನಾನು ರಾಬರ್ಟ್‌ಸನ್‌ಪೇಟೆಯಲ್ಲಿ ಮನೆ ಮಾಡಿಕೊಂಡು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳುತ್ತಿದ್ದೆ. ಶಾಲೆಗೆ ರಜ. ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಅಕ್ಕ ಒಂದು ಮಧ್ಯಾಹ್ನ ಬಟ್ಟೆಯ ಚೀಲದೊಂದಿಗೆ ಬಂದು, ಕೊಟ್ಟ ನೀರನ್ನು ಮುಟ್ಟದೆ, ಗೋಡೆಗೆ ಒರಗಿ ಕೂತಳು.

"ನಿಮ್ ಬಾವ ಯಾವಳ್ನೋ ಇಟ್ಕೊಂಡವ್ರೆ ಕಣ್ಲಾ."

"ಯಾರು ಹೇಳಿದರು?"

"ಅಂಗಿ ಏಳ್ತು."

ಇದು ಹೊರಗಿನವರಿಗೆ ಅರ್ಥವಾಗುವ ಸಾಕ್ಷ್ಯವಲ್ಲ. ಭಾವ ಅಂಗಿಯನ್ನು ಒಂದು ಸರ್ಕಾರಿ ವಸ್ತುವೆಂದೇ ತಿಳಿದವರು. ರೈಲಿಗೆ, ತಾಲ್ಲೂಕು ಕಚೇರಿಗೆ, ಬೀಗರ ಮನೆಗೆ ಮಾತ್ರ ಅದು. ಊರೊಳಗೆ ಹೆಗಲ ಮೇಲಿನ ಟವಲೇ ಅವರ ಉಡುಪು. ಅಂಥವರು ಆ ಬೇಸಿಗೆಯಲ್ಲಿ ಕತ್ತಿನ ಗುಂಡಿಯವರೆಗೆ ಅಂಗಿ ಬಿಗಿದುಕೊಂಡು ಓಡಾಡುತ್ತಿದ್ದರಂತೆ.

"ಬೆಂಕಿ ಉಯ್ದಂಗೆ ಬಿಸ್ಲು, ಆವಯ್ಯ ನೋಡಿದ್ರೆ ಅಂಗಿ ಆಕ್ಕೊಂಡು ಸಗ್ಣಿ ಬಾಚ್ತದೆ. ಎಣ್ಣೆ ಅಚ್ಚಿ ಬೆನ್ನುಜ್ತೀನಿ ಬಾ ಅಂದ್ರೆ ಬಚ್ಚಲ್ ಮನೆ ಅಗ್ಳಿ ಆಕ್ಕೊಂತದೆ. ಅವ್ಳ ಎಸ್ರು ಎದೆ ಮ್ಯಾಲೆ ಅಚ್ಚೆ ಉಯ್ಸಿರ್ಬೇಕು."

"ಛೆ, ಬಿಡಕ್ಕ."

"ಏನ್ ಬಿಡೋದು? ಒಳೀಕ್ ಬಂದ್ ಮನ್ಗು ಅಂದ್ರೆ ಅಸು ಈಯ್ತದೆ ಅಂತ ಕೊಟ್ಗೇಲಿ ಬಿದ್ಕೊಂತದೆ. ಆ ಅಸು ಈಯ್ದು, ಕರೂನೂ ಸತ್ತು, ಮೂರ್ ತಿಂಗ್ಳಾಯ್ತು!"

ಆಮೇಲೆ ಅವಳು ಚೀಲದ ತಳದಿಂದ ತೆಗೆದಂತೆ ಕೊನೆಯ ಸಾಕ್ಷ್ಯವನ್ನು ತೆಗೆದಳು. ಊರಿನಿಂದ ಸೊಪ್ಪು ಮಾರಲು ಬರುವ ಹೆಂಗಸೊಬ್ಬಳು ಭಾವನನ್ನು ಚಾಂಪಿಯನ್ ರೀಫ್ಸ್‌ನ ಒಬ್ಬ ರವಿಕೆ ಟೈಲರ್ ಅಂಗಡಿಯಿಂದ ಹೊರಬರುತ್ತಿದ್ದಾಗ ನೋಡಿದ್ದಳು. ಒಂದು ಸಲವಲ್ಲ. ಕಂಕುಳಲ್ಲಿ ಕಾಗದದ ಪೊಟ್ಟಣ.

"ಗಂಡಸ್ರಿಗೆ ರವ್ಕೆ ಅಂಗ್ಡೀಲಿ ಏನ್ಲಾ ಕೆಲ್ಸ? ನಂಗಂತೂ ಒಲ್ಸಿಲ್ಲ. ಮತ್ಯಾರ್ಗೆ?"

ಪ್ರಮಾಣವಿಲ್ಲದೆ ಏನನ್ನೂ ನಂಬಬಾರದು ಎಂದು ನಾನು ವಿಜ್ಞಾನದ ಮೇಷ್ಟ್ರ ಗಾಂಭೀರ್ಯದಿಂದ ಹೇಳಿದೆ.

"ಅದ್ಕೇ ನಿನ್ ತಾವ ಬಂದಿರೋದು," ಎಂದಳು ಅಕ್ಕ. "ಯಾವ್ಳು ಅಂತ ನೋಡ್ಕೊಂಡ್ ಬಾ. ಅಲ್ಲೀಗಂಟ ನಾನು ಆ ಮನೆ ಒಸ್ಲು ತುಳಿಯಲ್ಲ. ಇನ್ನೊಬ್ಳು ಇರೋದೇ ದಿಟ ಆದ್ರೆ, ಯಾವತ್ತೂ ತುಳಿಯಲ್ಲ."

ಮಾತು ಅಷ್ಟಕ್ಕೆ ನಿಂತಿತು. ಅಕ್ಕ ಆಡಿದ್ದನ್ನು ಮಾಡುವವಳು.

ಮರುದಿನ ಬೆಳಗ್ಗೆ ನಾನು ಚಾಂಪಿಯನ್ ಸ್ಟೇಷನ್ನಿನ ಹೊರಗೆ ಹಳೆಯ ದಿನಪತ್ರಿಕೆಯೊಂದನ್ನು ಮುಖಕ್ಕೆ ಹಿಡಿದು ನಿಂತೆ. ಭಾವ ರೈಲಿಳಿದರು. ಕತ್ತಿನ ಗುಂಡಿ ಹಾಕಿತ್ತು. ಸೈಕಲ್ ಹತ್ತಿದರು. ನಾನು ಹಿಂದೆ ನಡೆದೆ. ಲೈನುಗಳಲ್ಲಿ ಅವರು ಪ್ರತಿ ಮನೆಯ ಮುಂದೆಯೂ ನಿಲ್ಲುವುದರಿಂದ ನಡೆದುಕೊಂಡೇ ಹಿಂಬಾಲಿಸಬಹುದಾಗಿತ್ತು. ಬಾಗಿಲು ತೆರೆದ ಪ್ರತಿಯೊಬ್ಬ ಹೆಂಗಸನ್ನೂ ನಾನು ಅನುಮಾನಿಸಿದೆ. ನಗುತ್ತ ಪಾತ್ರೆ ಒಡ್ಡಿದವಳನ್ನು ನಕ್ಕಿದ್ದಕ್ಕೆ, ಮುಖ ಗಂಟಿಕ್ಕಿ ಒಡ್ಡಿದವಳನ್ನು ನಾಟಕವಾಡುತ್ತಿದ್ದಾಳೆಂದು. ಬೊಚ್ಚುಬಾಯಿಯ ಒಬ್ಬ ಅಜ್ಜಿಯನ್ನು ಮಾತ್ರ ಬಿಟ್ಟೆ. ಅದೂ ಎರಡು ಸಲ ಯೋಚಿಸಿ. ಅಷ್ಟರಲ್ಲಿ ಲೈನಿನವರು ನನ್ನನ್ನು ಅನುಮಾನಿಸತೊಡಗಿದ್ದರು. ಪತ್ರಿಕೆ ಹಿಡಿದು ಮನೆಮನೆಯ ಮುಂದೆ ನಿಂತು ನಿಂತು ಹೋಗುವ ಗಂಡಸನ್ನು ಯಾರು ತಾನೆ ಬಿಡುತ್ತಾರೆ? "ಯಾರ್ ವೇಣುಂ ಸಾರ್?" ಎಂದು ಒಬ್ಬಳು ಪೊರಕೆ ಹಿಡಿದುಕೊಂಡೇ ಕೇಳಿದಳು. ಯಾರೂ ಬೇಡ ಎಂದೆ. ಆ ಉತ್ತರ ಅವಳಿಗೆ ಇನ್ನೂ ಅನುಮಾನಾಸ್ಪದವಾಗಿ ಕಂಡಿತು.

ಹಾಲು ಮುಗಿಯಿತು. ಭಾವ ಸೈಕಲ್ ತಿರುಗಿಸಿದರು. ಮೂಲೆಯಲ್ಲಿ ತಗಡಿನ ಸೂರಿನ ಒಂದು ಅಂಗಡಿ. ಬೋರ್ಡಿನ ಮೇಲೆ ಕೈಯಿಲ್ಲದ, ತಲೆಯಿಲ್ಲದ ಒಂದು ಕೆಂಪು ರವಿಕೆಯ ಚಿತ್ರ. ಭಾವ ಆಚೆ ಈಚೆ ನೋಡಿ ಒಳಗೆ ಹೋದರು. ನಾನು ಸ್ವಲ್ಪ ಹೊತ್ತು ಬಿಟ್ಟು ಒಳಹೊಕ್ಕೆ.

ಕತ್ತಿಗೆ ಟೇಪು ನೇತುಹಾಕಿಕೊಂಡಿದ್ದ ಮುದುಕ ಟೈಲರ್ ತಟ್ಟನೆ ಅಡ್ಡ ಬಂದ. "ಲೇಡೀಸ್ ಮಟ್ಟುಂ ಸಾರ್. ಗಂಡಸ್ರಿಗೆ ಇಲ್ಲಿ ಒಲಿಯಲ್ಲ."

ಆ ಗಳಿಗೆಯಲ್ಲೇ ಪರದೆಯ ಹಿಂದಿನಿಂದ ಭಾವನ ದನಿ ಕೇಳಿತು: "ಇನ್ನೊಂದ್ ಚೂರು ಬಿಗಿ ಮಾಡಪ್ಪ. ಕ್ಯಾನ್ ಎತ್ತಿದ್ರೆ ಮ್ಯಾಕ್ ಅತ್ತದೆ."

ಪರದೆ ಸರಿಯಿತು. ಭಾವ ದಪ್ಪ ಬಟ್ಟೆಯ, ತೋಳಿಲ್ಲದ, ಮುಂದುಗಡೆ ಸಾಲಾಗಿ ಹುಕ್ಕುಗಳಿರುವ ಒಂದು ಉಡುಪನ್ನು ಎದೆಗೆ ಬಿಗಿದುಕೊಂಡು ನಿಂತಿದ್ದರು. ಇನ್ನೊಬ್ಬ ಹೆಂಗಸಿಗೆಂದು ಅಕ್ಕ ಊಹಿಸಿದ್ದ ರವಿಕೆ ಅದೇ. ತೊಟ್ಟವರು ಮಾತ್ರ ನನ್ನ ಭಾವ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಟೈಲರ್ ಧರ್ಮಾತ್ಮ, ಹೊಲಿಗೆ ಯಂತ್ರದ ಕಡೆ ತಿರುಗಿ ಇಲ್ಲದ ದಾರವನ್ನು ಸೂಜಿಗೆ ಪೋಣಿಸತೊಡಗಿದ.

"ನಿಮ್ಮಕ್ಕ ಕಳ್ಸಿದ್ಲಾ?" ಎಂದರು ಭಾವ.

ಚಿನ್ನ ತೆಗೆದು ಮಿಕ್ಕ ಪುಡಿಯನ್ನು ಸುರಿದ ಸೈನೈಡ್ ದಿಬ್ಬದ ನೆರಳಿನಲ್ಲಿ, ರಸ್ತೆಯಿಂದ ತುಸು ಒಳಗೆ ಕೂತೆವು. ಗಾಳಿಗೆ ದಿಬ್ಬದ ಬಿಳಿ ಧೂಳು ಏಳುತ್ತಿತ್ತು. ಗಣಿಯಿಂದ ಕದ್ದ ಕಲ್ಲನ್ನು ತೋರಿಸುವವರಂತೆ ಸುತ್ತ ಕಣ್ಣಾಡಿಸಿ, ಭಾವ ಅಂಗಿಯ ಗುಂಡಿ ಬಿಚ್ಚಿದರು. ಎರಡು ಎದೆಯೂ ಊದಿದ್ದವು. ಬೊಜ್ಜಲ್ಲ. ಮೈನೆರೆಯುವ ಹುಡುಗಿಯ ಎದೆಯಂತೆ, ಮೊಲೆತೊಟ್ಟಿನ ಹಿಂದೆ ಗಟ್ಟಿಯಾದ ಗುಂಡು. ನಾನು ಕಣ್ಣು ಬೇರೆ ಕಡೆ ಮಾಡಿದೆ.

"ಮುಟ್ಟಿದ್ರೆ ನೋಯ್ತದೆ ಮೇಷ್ಟ್ರೆ," ಎಂದರು. ನನ್ನನ್ನು ಅವರು ಸದಾ ಮೇಷ್ಟ್ರೆ ಎಂದೇ ಅಣಕಿಸುವುದು. ಅವತ್ತು ಅಣಕವಿರಲಿಲ್ಲ.

"ಯಾವುದರಿಂದ ಹೀಗಾಯಿತು?"

"ಅಸೂವಿಂದ." ಅವರು ಗುಂಡಿ ಹಾಕಿಕೊಂಡರು. "ಕರು ಸತ್ತೋಯ್ತಲ್ಲ, ಅಸು ಆಲು ಬಿಡ್ಲಿಲ್ಲ. ಕರುವಿನ್ ಚರ್ಮಕ್ಕೆ ಉಲ್ಲು ತುಂಬ್ಸಿ ಮುಂದ್ಗಡೆ ನಿಲ್ಸಿದೆ. ಒಂದಿನ ಮೂಸ್ತು. ಮಾರ್ನೇ ದಿನ ಒಳ್ಗಿನ್ ಉಲ್ಲೆಲ್ಲ ಎಳ್ಕೊಂಡ್ ತಿಂದಾಕ್ತು. ಆಮ್ಯಾಕೆ ಯಾರೋ ಆಲಿಳ್ಸೋ ಸೂಜಿ ಕೊಡು ಅಂದ್ರು. ಕೊಟ್ಟೆ. ಸುರೀತು. ಆ ಆಲ್ನ ಕುಡ್ದೋನು ನಾನು. ಅಸೂಗ್ ಕೊಟ್ಟಿದ್ದು ನಂಗ್ ಅತ್ಕೊಂಡೈತೆ."

ಆ ಹಸುವಿನ ಹಾಲು ವಾರಕ್ಕೆರಡು ಸಲ ನನ್ನ ಮನೆಗೂ ಬರುತ್ತಿತ್ತು. ವಿಜ್ಞಾನದ ಮೇಷ್ಟ್ರು ಸದ್ದಿಲ್ಲದೆ ತಮ್ಮ ಎದೆಯನ್ನು ಒಮ್ಮೆ ಒತ್ತಿ ನೋಡಿಕೊಂಡರು.

"ಅಕ್ಕನಿಗೆ ಹೇಳಬಹುದಿತ್ತಲ್ಲ ಭಾವ. ಇನ್ನೊಬ್ಬಳು ಇದ್ದಾಳೆ ಅಂದುಕೊಂಡು ಮನೆ ಬಿಟ್ಟು ಬಂದಿದ್ದಾಳೆ."

"ಗೊತ್ತು. ಅಂದ್ಕೊಳ್ಲಿ ಬಿಡು. ಅದ್ರಾಗೆ ಮರ್ವಾದೆ ಐತೆ." ಅವರು ಒಂದು ಕಲ್ಲನ್ನೆತ್ತಿ ದಿಬ್ಬಕ್ಕೆ ಎಸೆದರು. "ಎದೆ ಒಂದೇ ಆಗಿದ್ರೆ ಏಳ್ತಿದ್ನೇನೋ. ಮಿಕ್ಕಿದ್ದೂ ತಣ್ಗಾಗೋಗೈತೆ. ಗಂಡ್ಸು ಅಂತ ಕಟ್ಕೊಂಡೋಳ್ ಮುಂದೆ ಏನಂತ ಬಿಚ್ಲಿ?"

"ಅವಳು ವಾಪಸ್ಸು ಬರದೇ ಹೋದರೆ?"

ಭಾವ ಇನ್ನೊಂದು ಕಲ್ಲು ಹುಡುಕಿದರು.

ರಾಬರ್ಟ್‌ಸನ್‌ಪೇಟೆಯ ಬಸ್ ನಿಲ್ದಾಣದ ಹಿಂದೆ ಒಬ್ಬ ವಯಸ್ಸಾದ ತಮಿಳು ಡಾಕ್ಟರಿದ್ದರು. ಅವರ ಮಾತಿನಲ್ಲಿ ಮೂರು ಭಾಷೆಗಳು ಪಾಲುದಾರರು. ಅಲ್ಲಿಗೆ ಭಾವನನ್ನು ಎಳೆದುಕೊಂಡು ಹೋದೆ. ಸರದಿ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.

"ಎನ್ನಪ್ಪಾ, ಏನು ತೊಂದರೆ?"

"ಇನ್ನೂ ಆಲ್ ಬಂದಿಲ್ಲ ಸಾ," ಎಂದರು ಭಾವ. "ಬರಾಕ್ ಮುಂಚೆ ನಿಲ್ಸ್ಬುಡಿ."

ಡಾಕ್ಟರು ನಗಲಿಲ್ಲ. ಎದೆ ಒತ್ತಿದರು, ಹೊಟ್ಟೆ ಒತ್ತಿದರು, ಕುಡಿತವುಂಟೇ ಎಂದು ಕೇಳಿದರು, ಪರದೆಯ ಹಿಂದೆ ಕರೆದೊಯ್ದು ಪಂಚೆ ಸಡಿಲಿಸಿ ವೃಷಣಗಳನ್ನು ಪರೀಕ್ಷಿಸಿದರು. ಭಾವ ಹೊರಗೆ ಬಂದಾಗ ಪೊಲೀಸರು ಜಡ್ತಿ ಮಾಡಿ ಬಿಟ್ಟ ಮನೆಯಂತಿದ್ದರು. ಹಸುವಿನ ಸೂಜಿಯ ಕಥೆಯನ್ನು ಡಾಕ್ಟರು ಪೂರ್ತಿ ಕೇಳಿ ತಳ್ಳಿಹಾಕಿದರು. ಆ ಔಷಧ ಹಾಲಿನ ಜೊತೆ ಹೊಟ್ಟೆಗೆ ಹೋದರೂ ಅನ್ನದ ಹಾಗೆ ಅರಗಿಹೋಗುತ್ತದೆ. ಅದು ಇರುವ ಹಾಲನ್ನು ಇಳಿಸುವುದೇ ಹೊರತು ಇಲ್ಲದ ಕೆಚ್ಚಲನ್ನು ಕಟ್ಟುವುದಿಲ್ಲ. ಆದರೂ ಹಸುವಿಗೆ ಸುಮ್ಮಸುಮ್ಮನೆ ಚುಚ್ಚಬೇಡ ಎಂದು ಗದರಿದರು.

"ಬೇರೆ ಮರುಂದು, ಮಾತ್ರೆ, ಏನಾದ್ರೂ ತಗೋತೀಯಾ?"

"ಏನೂ ಇಲ್ಲ ಸಾ."

ಡಾಕ್ಟರ ಹುಬ್ಬು ಗಂಟಾಯಿತು. ಅವರು ಬೆಂಗಳೂರಿಗೆ ಕಳಿಸುವ ಪರೀಕ್ಷೆಗಳನ್ನು ಬರೆಯತೊಡಗಿದರು. ಯಾವುದೋ ಗೆಡ್ಡೆ ಹೆಣ್ಣು ಹಾರ್ಮೋನನ್ನು ಸುರಿಸುತ್ತಿರಬಹುದು ಎಂದು ನನಗೆ ಮಾತ್ರ ಕೇಳುವಂತೆ ಹೇಳಿದರು. ಅಷ್ಟರಲ್ಲಿ ಭಾವ ಹೊಟ್ಟೆ ಹಿಡಿದುಕೊಂಡು, "ಊಟದ್ ಒತ್ತಾಯ್ತು, ಒಂದ್ ಲೋಟ ನೀರ್ ಕೊಡಿ ಸಾ" ಎಂದರು. ಎಲೆಅಡಿಕೆಯ ಚೀಲದಿಂದ ಏನನ್ನೋ ತೆಗೆದು ಬಾಯಿಗೆ ಹಾಕಿಕೊಂಡು ನೀರು ಕುಡಿದರು.

ಡಾಕ್ಟರ ಪೆನ್ನು ನಿಂತಿತು. "ಅದೇನಯ್ಯಾ ನುಂಗಿದ್ದು?"

"ಇದಾ? ಇದು ಮಾತ್ರೆ ಅಲ್ಲ ಸಾ. ಇದು ಊಟದ್ದು."

ನಮ್ಮ ಕಡೆ ಊಟದ್ದು ಎಂದರೆ ಉಪ್ಪು, ಉಪ್ಪಿನಕಾಯಿ, ಮಜ್ಜಿಗೆ. ಹಿಂದಿನ ವರ್ಷ ಹೊಟ್ಟೆ ಹುಣ್ಣಿಗೆಂದು ಯಾವುದೋ ಆಸ್ಪತ್ರೆಯಲ್ಲಿ ಕೆಲವು ವಾರಕ್ಕೆ ಬರೆದುಕೊಟ್ಟ ಸಿಮೆಟಿಡಿನ್ ಮಾತ್ರೆಯನ್ನು ಭಾವ ಆ ಪಂಕ್ತಿಗೆ ಸೇರಿಸಿಬಿಟ್ಟಿದ್ದರು. ಅದನ್ನು ನುಂಗಿದರೆ ಮುದ್ದೆ, ಖಾರದ ಸಾರು ಉರಿಯದೆ ಇಳಿಯುತ್ತಿತ್ತು. ಮಾತ್ರೆಯ ಖಾಲಿ ಪಟ್ಟಿ ತೋರಿಸಿದರೆ ಔಷಧಿ ಅಂಗಡಿಯವನು ತುಂಬಿದ ಪಟ್ಟಿ ಕೊಡುತ್ತಿದ್ದ. ಉಂಡಾಗಲೆಲ್ಲ ಒಂದು, ಖಾರ ಹೆಚ್ಚಾದರೆ ಎರಡು. ಔಷಧಿಯೆಂದು ನೆನಪೇ ಇರಲಿಲ್ಲ.

ಡಾಕ್ಟರು ಕುರ್ಚಿಗೆ ಒರಗಿ ವಿವರಿಸತೊಡಗಿದರು. ಇದೆಲ್ಲ ಆ ಮಾತ್ರೆಯದೇ ಕೆಲಸ ಎಂದರು, ರಿಸೆಪ್ಟರ್ ಎಂದರು. ಅದನ್ನು ಕನ್ನಡಕ್ಕೆ ತಿರುಗಿಸುವ ಪುಣ್ಯಕಾರ್ಯ ನನ್ನ ಪಾಲಿಗೆ ಬಂತು. ನಾನು ಪಠ್ಯಪುಸ್ತಕದ ಕನ್ನಡದಲ್ಲಿ ಬೆಳೆದವನು.

"ಭಾವ, ನಿಮ್ಮಲ್ಲಿ ಗಂಡು ಹಾರ್ಮೋನಿಗೆ ಕೊರತೆಯಿಲ್ಲ. ಆದರೆ ಅದರ ಗ್ರಾಹಕಗಳನ್ನು ಇನ್ನೊಂದು ಬಂದು ಹಿಡಿದುಕೊಂಡಿದೆ."

ಭಾವ ಬೆಂಚಿನಿಂದ ಎದ್ದೇ ನಿಂತರು. "ಯಾವನ್ಲಾ ಅವ್ನು? ಮಾರಿಕುಪ್ಪಂ ಕಡೆಯೋನಾ? ನಂಗ್ ಮದ್ಲಿಂದ್ಲೂ ಅನ್ಮಾನ ಇತ್ತು!"

"ಯಾರು?"

"ಗ್ರಾಹಕ ಅಂದ್ರೆ ಗಿರಾಕಿ ತಾನೆ? ನ್ಯಾಯಬೆಲೆ ಅಂಗ್ಡಿ ಬೋರ್ಡ್ ಮ್ಯಾಲೆ ನಾನೂ ಓದಿವ್ನಿ. ನನ್ ಗಿರಾಕಿಗಳ್ನ ಇಡ್ಕೊಂಡೋನು ಯಾವನು ಏಳು!"

ಪಠ್ಯಪುಸ್ತಕ ಬರೆದವರು ಹಾಲಿನವರನ್ನು ಗಮನದಲ್ಲಿಟ್ಟುಕೊಂಡಿರಲಿಲ್ಲ. ನಾನು ತಡವರಿಸಿದೆ. ಆದರೆ ಡಾಕ್ಟರಿಗೆ ಆ ತಪ್ಪು ತುಂಬ ಹಿಡಿಸಿತು. "ಅದೇ ಸರಿ, ಅದೇ ಸರಿ," ಎಂದು ಮೇಜು ತಟ್ಟಿದರು. ಗಂಡಸಿನ ಹಾರ್ಮೋನು ಬೆಳಗ್ಗೆ ಹೊರಟ ಹಾಲಿನವನು. ಮೈಯಲ್ಲಿ ಅವನಿಗೆ ಬೇಕಾದಷ್ಟು ಮನೆಗಳು: ಗಡ್ಡ, ಮಾಂಸಖಂಡ, ಮೂಳೆ, ಎದೆ, ಕೆಳಗಿನದು. ಪ್ರತಿ ಮನೆಯ ಬಾಗಿಲಲ್ಲೂ ಅವನಿಗೇ ಎಂದು ಇಟ್ಟ ಒಂದು ಪಾತ್ರೆ.

ಭಾವ ನಿಧಾನವಾಗಿ ಕೂತರು. "ಅಂದ್ರೆ ನಾನು ಓಗೋಕ್ ಮುಂಚೆ ಈ ಮಾತ್ರೆ ಬಂದು, ಪಾತ್ರೆಗೆ ನೀರಾಲು ಉಯ್ದು ಓಗೈತೆ."

"ಆಮಾ."

"ಗಿರಾಕಿ ಪಾತ್ರೆ ತುಂಬೈತೆ ಅಂತ ಬಾಗ್ಲಾಕ್ಕೊಂಡವ್ಳೆ. ನನ್ ಆಲು ಕ್ಯಾನಲ್ಲೇ ಐತೆ."

"ಕ್ಯಾನಲ್ಲೇ ಇದೆ," ಎಂದರು ಡಾಕ್ಟರು.

ಭಾವನ ಮುಖದಲ್ಲಿ ತಿಂಗಳುಗಳಿಂದ ಇಲ್ಲದ ಒಂದು ಬಣ್ಣ ಬಂತು. ಆದರೆ ಅವರ ಅನುಮಾನ ಪೂರ್ತಿ ಹೋಗಲಿಲ್ಲ. ಹಾಲು ಹಾಕದಿದ್ದರೆ ಮನೆ ಬರಿದಾಗಬೇಕು, ಎದೆ ಬೆಳೆಯುವುದೇಕೆ? ಗಂಡಸರಲ್ಲೂ ಒಂದಿಷ್ಟು ಹೆಣ್ಣು ಹಾರ್ಮೋನು ಇರುತ್ತದೆ, ಗಂಡಿನ ದನಿ ಕೇಳದ ಕಡೆ ಅದರ ದನಿ ಕೇಳಿಸುತ್ತದೆ ಎಂದರು ಡಾಕ್ಟರು.

"ನಿಮ್ಗೂ ಐತಾ ಸಾ?"

"ನನಗೂ ಇದೆ."

"ನಮ್ ಮೇಷ್ಟ್ರಿಗೂ?"

"ಅವರಿಗೂ."

ಅಕ್ಕನನ್ನು ಮದುವೆಯಾದ ಮೇಲೆ ಮೊದಲ ಬಾರಿಗೆ ಭಾವ ನನ್ನನ್ನು ನೆಂಟನಂತೆ ನೋಡಿದರು.

ಹಾರ್ಮೋನು ದೂತ ಎಂದು ನಾನು ವರ್ಷ ವರ್ಷವೂ ಮಕ್ಕಳಿಂದ ಬಾಯಿಪಾಠ ಮಾಡಿಸುತ್ತಿದ್ದೆ. ದೂತ ಯಾರ ಮನೆಗೆ ಹೋಗುತ್ತಾನೆ, ಬಾಗಿಲು ತೆರೆಯದಿದ್ದರೆ ಏನು ಗತಿ ಎಂದು ಯಾವ ಮಗುವೂ ಕೇಳಿರಲಿಲ್ಲ; ನನಗೂ ತೋಚಿರಲಿಲ್ಲ. ಡಾಕ್ಟರು ಕೈತೊಳೆಯುತ್ತ ಇನ್ನೂ ಕೆಲವು ಮಾತು ಹೇಳಿದರು. ಹುಟ್ಟಿನಿಂದಲೇ ಈ ಪಾತ್ರೆಗಳು ಸರಿಯಿಲ್ಲದ ಮಕ್ಕಳಿರುತ್ತಾರಂತೆ. ಒಳಗೆ ಗಂಡು ಹಾರ್ಮೋನು ಹರಿಯುತ್ತಿದ್ದರೂ ಹೊರಗೆ ಹೆಣ್ಣಾಗಿ ಬೆಳೆಯುತ್ತಾರಂತೆ. ವಯಸ್ಸಾದವರಿಗೆ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಆದಾಗ ಅದೇ ಹಾಲು ಅದಕ್ಕೆ ಮೇವಾಗುತ್ತದಂತೆ. ಅಲ್ಲಿ ಡಾಕ್ಟರುಗಳೇ ಬೇಕೆಂದು ದಿನನಿತ್ಯ ಹಾಲು ಹಾಕುವ ವರ್ತನೆ ನಿಲ್ಲಿಸುತ್ತಾರಂತೆ. ಅಂದರೆ ಬಾಗಿಲು ತೆರೆದಿದ್ದರೂ ಅನುಮಾನ, ಮುಚ್ಚಿದ್ದರೂ ಅನುಮಾನ. ಗಂಡಸುತನವೆಂದು ಮೀಸೆ ತಿರುವಿಕೊಂಡು ಓಡಾಡುವ ನಾವೆಲ್ಲ ಇಷ್ಟು ಸಣ್ಣ ಪಾತ್ರೆಗಳ ದಯೆಯಲ್ಲಿದ್ದೇವೆಂಬುದು ನನಗೆ ಅಷ್ಟೇನೂ ಹಿತವೆನಿಸಲಿಲ್ಲ.

ಮಾತ್ರೆ ನಿಲ್ಲಿಸು, ಎದೆ ತಾನಾಗಿ ಇಳಿಯುತ್ತದೆ, ಆದರೆ ತಿಂಗಳುಗಳೇ ಬೇಕು ಎಂದರು. ಹುಣ್ಣಿಗೆ ಬೇರೆ ಔಷಧಿ ಬರೆದರು. ಹಾಗೆಯೇ ಆಯಿತು ಕೂಡ. ರಾಗಿ ಕುಯಿಲಿನ ಹೊತ್ತಿಗೆ ಭಾವ ಬರಿಮೈಯಲ್ಲಿ ಕಣದಲ್ಲಿದ್ದರು. ಆದರೆ ಅವತ್ತಿಗೆ ಇನ್ನೂ ಬೇಸಿಗೆ, ಎದೆ ಇದ್ದ ಹಾಗೇ ಇತ್ತು, ಅಕ್ಕ ನನ್ನ ಮನೆಯಲ್ಲಿ ಕಾಯುತ್ತಿದ್ದಳು.

ಭಾವ ಬಾಗಿಲ ಹೊರಗೇ ನಿಂತರು. ನಾನು ಒಳಗೆ ಹೋಗಿ ಮಾತ್ರೆ, ಗ್ರಾಹಕ, ಪಾತ್ರೆ, ನೀರುಹಾಲು ಎಲ್ಲವನ್ನೂ ನನ್ನ ಬೋಧನಾ ಅನುಭವವನ್ನೆಲ್ಲ ಸುರಿದು ಹೇಳಿದೆ. ಅಕ್ಕ ಒಂದು ಸಲವೂ ರೆಪ್ಪೆ ಬಡಿಯಲಿಲ್ಲ.

"ಮಾತ್ರೆ ತಿಂದ್ರೆ ಗಂಡಸ್ರಿಗೆ ಮೊಲೆ ಬತ್ತದಾ?"

"ಕೆಲವರಿಗೆ ಬರುತ್ತದೆ."

"ಗಂಡಸ್ರು ಗಂಡಸ್ರು ಒಂದಾಗ್ಬುಟ್ರಿ. ಎಷ್ಟ್ ಚೆಂದಾಗ್ ಕತೆ ಕಟ್ಟವ್ರೆ ನೋಡು! ಇದ್ಕಿಂತ ಯಾವಳ್ನೋ ಇಟ್ಕೊಂಡಿವ್ನಿ ಅಂದಿದ್ರೆ ನಂಬ್ತಿದ್ದೆ ಕಣ್ಲಾ." ಅವಳು ಎದ್ದು ಬಾಗಿಲಿಗೆ ಹೋದಳು. "ಒಳೀಕ್ ಬಾ ನೀನು."

ಭಾವ ನನ್ನನ್ನು ನೋಡಿದರು. ನಾನು ಆಕಾಶ ನೋಡಿದೆ. ಕೋಣೆಯ ಅಗುಳಿ ಬಿತ್ತು.

ಜಗಲಿಯ ಮೇಲೆ ಕೂತು ಬೆಳಗಿನ ಹಳೆಯ ಪತ್ರಿಕೆಯನ್ನೇ ಮತ್ತೆ ಓದಿದೆ. ಆಮೇಲೆ ಒಳಗಿನಿಂದ ಒಂದು ಸದ್ದು ಬಂತು. ನಗುವೋ ಅಳುವೋ ತಿಳಿಯಲಿಲ್ಲ, ಯಾರದೆಂದೂ ತಿಳಿಯಲಿಲ್ಲ. ಎರಡೂ ಇಬ್ಬರದೂ ಇರಬಹುದೆಂದು ಅನುಮಾನಿಸಿದೆ.

ಅಗುಳಿ ತೆಗೆದಾಗ ಅಕ್ಕನ ಕೈಯಲ್ಲಿ ಆ ದಪ್ಪ ಬಟ್ಟೆಯ ಉಡುಪಿತ್ತು. "ನೋಡ್ಲಾ ಇಲ್ಲಿ, ಕಂಕ್ಳೆಲ್ಲ ಸುಲ್ದು ರಣ ಆಗೋಗೈತೆ. ಇದೂ ಒಂದ್ ಒಲ್ಗೇನಾ?" ಹಾಗೆಂದು ಭಾವನ ಕಡೆ ತಿರುಗಿದಳು. "ಟೈಲರ್ಗೆ ಗೊತ್ತು, ಡಾಕ್ಟ್ರಿಗ್ ಗೊತ್ತು, ಇವ್ನಿಗೂ ಗೊತ್ತು. ಕಟ್ಕೊಂಡೋಳ್ ನಾನು, ನಂಗ್ ಮಾತ್ರ ಗೊತ್ತಿಲ್ಲ. ಅವ್ರೆಲ್ಲ ಇನ್ನ್ಯಾರ್ಯಾರ್ಗೆ ಏಳವ್ರೋ?"

"ಏಳಲ್ಲ ಕಣೆ," ಎಂದರು ಭಾವ.

"ಏಳಲ್ಲ ಅಂತ ನಿಂಗೇನ್ ಗೊತ್ತು?"

ಸಂಜೆಯ ಪ್ಯಾಸೆಂಜರಿಗೆ ಇಬ್ಬರನ್ನೂ ನನ್ನ ಮನೆಗೆ ಹತ್ತಿರದ ಊರ್ಗಾಂ ಸ್ಟೇಷನ್ನಿಗೆ ಕರೆದುಕೊಂಡು ಹೋದೆ. ಹೋಗುತ್ತೇನೆಂದು ಅಕ್ಕ ಬಾಯಿಬಿಟ್ಟು ಹೇಳಿರಲಿಲ್ಲ. ಚೀಲವನ್ನು ಭಾವನ ಕೈಗೆ ಕೊಟ್ಟಿದ್ದಳು, ಅಷ್ಟೆ. ಉಡುಪು ಚೀಲದೊಳಗಿತ್ತು. ಭಾವ ಬರಿಯ ಅಂಗಿಯಲ್ಲಿ, ಬೆನ್ನು ಬಾಗಿಸಿ, ಕತ್ತಿನ ಗುಂಡಿ ಹಾಕಿಕೊಂಡು ನಿಂತಿದ್ದರು. ಖಾಲಿ ಕ್ಯಾನುಗಳ ಪಕ್ಕದಲ್ಲಿ ಬೀಡಿ ಸೇದುತ್ತಿದ್ದ ಪಕ್ಕದೂರಿನ ಒಬ್ಬ ಹಾಲಿನವನು ಹತ್ತಿರ ಬಂದ.

"ಏನಣ್ಣೋ, ಈ ಸೆಕೇಲಿ ಇಂಗ್ ಬಿಗ್ದಿದ್ಯಲ್ಲ! ಒಳ್ಗೇನ್ ಐಸ್ ಗಡ್ಡೆ ಮಡ್ಗಿದ್ಯಾ?" ಎಂದು ಭಾವನ ಎದೆಯ ಕಡೆ ಬೆರಳು ಚಾಚಿದ.

ಭಾವ ಚೀಲವನ್ನು ಎದೆಗೆ ಅಡ್ಡ ಹಿಡಿದರು. ಅಕ್ಕ ನಡುವೆ ಬಂದು ನಿಂತಳು.

"ನೆಗ್ಡಿ ಆಗೈತೆ, ನಾನೇ ಆಕ್ಕೋ ಅಂದಿವ್ನಿ. ನೀನ್ಯಾಕಪ್ಪ ನಮ್ ಯಜಮಾನ್ರ ಎದೆ ಅಂಗ್ ನೋಡ್ತೀಯ? ನಿಮ್ಮನೇಲಿ ಏಳ್ಬೇಕಾ?"

ಬೀಡಿಯವನು ಚಾಚಿದ ಬೆರಳನ್ನು ಎಲ್ಲಿಡಬೇಕೆಂದು ತಿಳಿಯದೆ ತನ್ನ ಕ್ಯಾನುಗಳ ಕಡೆಗೆ ಸರಿದುಕೊಂಡ. ರೈಲು ಬಂತು. ಅಕ್ಕ ಭಾವನನ್ನು ಕಿಟಕಿಯ ಮೂಲೆಗೆ ಕೂರಿಸಿ, ತಾನು ಹೊರಗಡೆ ಅಡ್ಡ ಕೂತಳು. ನನಗೆ ಹೋಗಿ ಬರುತ್ತೇನೆ ಎನ್ನಲೂ ಅವಳಿಗೆ ಪುರಸೊತ್ತಿರಲಿಲ್ಲ. ಬೋಗಿಯಲ್ಲಿದ್ದ ಒಬ್ಬೊಬ್ಬರನ್ನೂ, ಯಾರು ಯಾರು ಈ ಕಡೆ ನೋಡುತ್ತಿದ್ದಾರೆಂದು, ಕಣ್ಣು ಕಿರಿದು ಮಾಡಿಕೊಂಡು ಪರೀಕ್ಷಿಸುತ್ತಿದ್ದಳು.